ಅಂಗಾಲಿನ ಗೆರೆಗಳು ಏನು ಹೇಳುತ್ತವೆ?

ಹೆಬ್ಬೆಟ್ಟಿನ ಗುರುತು ನಿಮಗೆಲ್ಲ ಗೊತ್ತು. ನಿಮ್ಮ ಅಂಗಾಲನ್ನು ಎಂದಾದರೂ ಭೂತಗನ್ನಡಿಯಲ್ಲಿ ನೋಡಿದ್ದೀರಾ? ಉತ್ತ ಹೊಲದ ಸಾಲುಗಳಂತೆ ಒತ್ತಾದ ಉಬ್ಬುಗೆರೆಗಳು ಅಲ್ಲಿಯೂ ಇವೆ. ಚರ್ಮದ ಮಡಿಕೆಯಿಂದಾದ ದೊಡ್ಡ ಗೀರುಗಳು ಬೇರೆ, ಇವು ಬೇರೆ. ಇವುಗಳ ಅಧ್ಯಯನಕ್ಕೆ ಅಮೆರಿಕದ ಅಂಗರಚನಾ ವಿಜ್ಞಾನಿ ಹೆರಾಲ್ಡ್ ಕಮಿನ್ಸ್ 1926ರಲ್ಲಿ ‘ಡರ್ಮಟೋಗ್ಲಿಫಿಕ್ಸ್’ ಎಂದು ಹೆಸರಿಟ್ಟರು.

ಈ ಗೆರೆಗಳು ಮೂಡುವುದು ತಾಯಿಯ ಗರ್ಭದಲ್ಲಿ. ಭ್ರೂಣದ ಅಂಗೈ ಅಂಗಾಲುಗಳಲ್ಲಿ ಮೊದಲು ಪುಟ್ಟ ದಿಂಬುಗಳಂಥ ಉಬ್ಬುಗಳು ಏಳುತ್ತವೆ. ಅವು ಇಳಿಯುವ ಕಾಲಕ್ಕೆ, ಸುಮಾರು ಮೂರನೆಯ ತಿಂಗಳಿನಿಂದ, ಕೈಯಲ್ಲಿ ಗೆರೆಗಳು ಹುಟ್ಟುತ್ತವೆ. ಕಾಲಿನಲ್ಲಿ ತುಸು ತಡವಾಗಿ. ಉಬ್ಬು ಎತ್ತರವಾಗಿದ್ದರೆ ಸಾಮಾನ್ಯವಾಗಿ ಚಕ್ರ, ಚಪ್ಪಟೆಯಾಗಿದ್ದರೆ ಕಮಾನು, ನಡುವೆ ಇದ್ದರೆ ಕುಣಿಕೆ. ಇದರಲ್ಲಿ ವಂಶವಾಹಿಗಳ ಪಾತ್ರವಿದೆ. ಗರ್ಭದೊಳಗಿನ ಬೆಳವಣಿಗೆಯ ಸಣ್ಣಪುಟ್ಟ ಏರುಪೇರುಗಳ ಪಾತ್ರವೂ ಇದೆ. ಆದ್ದರಿಂದಲೇ ತದ್ರೂಪಿ ಅವಳಿಗಳ ಗೆರೆಗಳೂ ಪೂರ್ತಿ ಒಂದೇ ಆಗಿರುವುದಿಲ್ಲ.

ಹಾಗಾದರೆ ಜನಾಂಗದಿಂದ ಜನಾಂಗಕ್ಕೆ ಗೆರೆಗಳು ಬೇರೆಯೇ? ಹೆಚ್ಚು ಅಧ್ಯಯನ ನಡೆದಿರುವುದು ಬೆರಳುಗಳ ಮೇಲೆ. ಪೂರ್ವ ಏಷ್ಯಾದವರಲ್ಲಿ ಚಕ್ರಗಳು ಯುರೋಪಿನವರಿಗಿಂತ ಹೆಚ್ಚು. ಆಫ್ರಿಕದ ಕಲಹಾರಿ ಪ್ರದೇಶದ ಸಾನ್ ಜನರಲ್ಲಿ ಕಮಾನುಗಳು ಹೆಚ್ಚು. ಅಂಗಾಲಿನಲ್ಲಿ, ಅದರಲ್ಲೂ ಹೆಬ್ಬೆರಳಿನ ಬುಡದ ಉಬ್ಬಿನಲ್ಲಿ, ಇಂಥದೇ ಏರಿಳಿತ ಕಾಣುತ್ತದೆ. ಆದರೆ ಗಮನಿಸಿ: ವ್ಯತ್ಯಾಸವಿರುವುದು ಪ್ರಮಾಣದಲ್ಲಿ ಮಾತ್ರ. ಚಕ್ರ, ಕುಣಿಕೆ, ಕಮಾನು ಎಲ್ಲ ಜನರಲ್ಲಿಯೂ ಇವೆ.

ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಬೆರಳಚ್ಚಿನಲ್ಲಿ ಜನಾಂಗದ ಗುರುತು ಸಿಕ್ಕೀತೆಂದು ನಿರೀಕ್ಷಿಸಿದ್ದರು. ಹಲವು ಜನಾಂಗಗಳ ಅಚ್ಚುಗಳನ್ನು ಹೋಲಿಸಿ, ಯಾವ ಜನಾಂಗಕ್ಕೂ ಅದರದೇ ಆದ ವಿಶಿಷ್ಟ ವಿನ್ಯಾಸವಿಲ್ಲವೆಂದು 1892ರ ತಮ್ಮ ಗ್ರಂಥದಲ್ಲಿ ಬರೆದರು. ಒಂದು ಶಾಲೆಯ ಮಕ್ಕಳ ಸರಾಸರಿ ಎತ್ತರ ಇನ್ನೊಂದರದಕ್ಕಿಂತ ಹೆಚ್ಚಿರಬಹುದು. ಹಾಗೆಂದು ಎತ್ತರದ ಹುಡುಗನೊಬ್ಬನನ್ನು ಕಂಡು ಅವನ ಶಾಲೆ ಯಾವುದೆಂದು ಹೇಳಲಾದೀತೇ?

ವೈದ್ಯರೂ ಈ ಎಚ್ಚರ ವಹಿಸುತ್ತಾರೆ. ಡೌನ್ ಸಿಂಡ್ರೋಮ್ ಇರುವ ಅನೇಕ ಮಕ್ಕಳಲ್ಲಿ ಹೆಬ್ಬೆರಳಿನ ಬುಡದಲ್ಲಿ ಒಂದು ಬಗೆಯ ಕಮಾನು ಕಾಣುತ್ತದೆ. ಇತರರಲ್ಲಿ ಅದು ಅಪರೂಪ. ಆದರೂ ಅದು ಸುಳಿವು ಮಾತ್ರ. ಖಚಿತಪಡಿಸುವುದು ವರ್ಣತಂತುಗಳ ಪರೀಕ್ಷೆ.

ಆದ್ದರಿಂದ ಗೆರೆ ನೋಡಿ ಕುಲವನ್ನೋ ಬುದ್ಧಿಯನ್ನೋ ಹೇಳುತ್ತೇವೆ ಎನ್ನುವವರನ್ನು ನಂಬಬೇಡಿ. ಅದಕ್ಕೆ ವಿಜ್ಞಾನದ ಆಧಾರವಿಲ್ಲ. ಬದಲಿಗೆ ಹೀಗೆ ಮಾಡಿ: ಅಂಗಾಲಿಗೆ ತೆಳ್ಳಗೆ ಸ್ಟಾಂಪ್ ಪ್ಯಾಡಿನ ಮಸಿ ಬಳಿದು ಬಿಳಿ ಹಾಳೆಯ ಮೇಲೆ ಒತ್ತಿ. ಗೆಳೆಯರ ಅಚ್ಚುಗಳನ್ನೂ ಹೆಸರು ಬರೆಯದೆ ಅದರೊಂದಿಗೆ ಬೆರೆಸಿ. ಬರಿಯ ವಿನ್ಯಾಸ ನೋಡಿ ಯಾರದು ಯಾವ ಊರು, ಯಾವ ಮನೆಮಾತು ಎಂದು ಊಹಿಸಲು ಯತ್ನಿಸಿ. ಉತ್ತರ ನಿಮಗೇ ತಿಳಿಯುತ್ತದೆ.