ಗಾಳಿ ಬೆನ್ನಿಗೆ, ನೀರು ಎದುರಿಗೆ

ನದಿಯಲ್ಲಿ ತೇಲಿಕೊಂಡು ಹೋಗುವವರು ನೀರು ಹರಿಯುವ ಕಡೆಗೇ ಹೋಗುತ್ತಾರೆ, ಅಲ್ವಾ? ಅಮೆರಿಕದ ಕೊಲಂಬಿಯಾ ನದಿಯಲ್ಲಿ ಬೇಸಿಗೆಯ ಮಧ್ಯಾಹ್ನ ನಡೆಯುವುದು ಇದಕ್ಕೆ ಪೂರ್ತಿ ಉಲ್ಟಾ. ನದಿ ಪೂರ್ವದಿಂದ ಪಶ್ಚಿಮಕ್ಕೆ ಹರಿಯುತ್ತಿರುತ್ತದೆ. ಜನ ಹದಿನಾಲ್ಕು ಅಡಿ ಉದ್ದದ ಬೋರ್ಡಿನ ಮೇಲೆ ನಿಂತು, ಕೈಯಲ್ಲೊಂದು ಹುಟ್ಟು ಹಿಡಿದು ಪಶ್ಚಿಮದಿಂದ ಪೂರ್ವಕ್ಕೆ ಹೊರಟಿರುತ್ತಾರೆ. ಅದೂ ಪ್ರವಾಹದ ಜೊತೆ ಗುದ್ದಾಡುತ್ತಾ ಅಲ್ಲ, ಅಲೆಗಳ ಮೇಲೆ ಜಾರುತ್ತಾ. ಇದರ ಹೆಸರು ಡೌನ್‌ವಿಂಡ್ ಪ್ಯಾಡಲ್‌ಬೋರ್ಡಿಂಗ್. ಗಾಳಿ ಬೀಸುವ ದಿಕ್ಕಿಗೆ ಸಾಗುವ ಆಟ.

ನನ್ನ ದೊಡ್ಡಪ್ಪನ ಮಗಳು ಪೋರ್ಟ್‌ಲ್ಯಾಂಡ್‌ನಲ್ಲಿ ಕೆಲಸದಲ್ಲಿದ್ದಾಳೆ. ಅಲ್ಲಿಂದ ಸುಮಾರು ನೂರು ಕಿಲೋಮೀಟರ್ ದೂರದ ಹುಡ್ ರಿವರ್ ಎಂಬ ಊರಿಗೆ ಹೋದಾಗ ಅಕ್ಕ ಮನೆಯ ವಾಟ್ಸ್ಆ್ಯಪ್ ಗ್ರೂಪಿಗೆ ಒಂದು ವಿಡಿಯೊ ಹಾಕಿದ್ದಳು. ಎಲ್ಲರೂ ‘ಸೂಪರ್’ ಅಂತ ಬೆರಳು ತೋರಿಸಿ ಸುಮ್ಮನಾದರು. ಮೂಲ್ಕಿಯ ನದಿ ದಂಡೆಯಲ್ಲಿ ಹುಟ್ಟಿ, ಸಿವಿಲ್ ಎಂಜಿನಿಯರಿಂಗ್ ಓದುತ್ತಾ, ಆಗಷ್ಟೇ ಫ್ಲೂಯಿಡ್ ಮೆಕ್ಯಾನಿಕ್ಸ್ ಪುಸ್ತಕ ಬಿಡಿಸಿದ್ದ ನನಗೆ ಮಾತ್ರ ಒಂದೇ ಪ್ರಶ್ನೆ: ನೀರಿಗೆ ಎದುರಾಗಿ ಹೋಗುವವರಿಗೆ ಅಷ್ಟು ವೇಗ ಎಲ್ಲಿಂದ ಬರುತ್ತದೆ?

ಉತ್ತರ ಇರುವುದು ಭೂಗೋಳದಲ್ಲಿ. ಪೆಸಿಫಿಕ್ ಕರಾವಳಿಗೆ ಸಮಾನಾಂತರವಾಗಿ ಕ್ಯಾಸ್ಕೇಡ್ ಪರ್ವತಸಾಲು ನಿಂತಿದೆ, ನಮ್ಮ ಪಶ್ಚಿಮಘಟ್ಟದ ಹಾಗೆ. ಪಶ್ಚಿಮದ ಮಗ್ಗುಲಲ್ಲಿ ಆಗುಂಬೆ, ದಾಟಿದರೆ ಚಳ್ಳಕೆರೆ ಎನ್ನುವಂಥ ವ್ಯತ್ಯಾಸ. ವಿಶೇಷ ಏನೆಂದರೆ, ಕೊಲಂಬಿಯಾ ನದಿ ಆ ಸಾಲನ್ನು ಹೆಚ್ಚುಕಮ್ಮಿ ಸಮುದ್ರಮಟ್ಟದಲ್ಲೇ ಸೀಳಿಕೊಂಡು ಬಂದಿದೆ. ಸುಮಾರು 130 ಕಿ.ಮೀ. ಉದ್ದದ ಕಣಿವೆ, ಕೆಲವೆಡೆ ಗೋಡೆಗಳು 1,200 ಮೀಟರ್‌ವರೆಗೆ ಎದ್ದಿವೆ. ಬೇಸಿಗೆಯಲ್ಲಿ ಪೂರ್ವದ ಒಣನೆಲ ಕಾದು ಅಲ್ಲಿ ಗಾಳಿಯ ಒತ್ತಡ ಇಳಿಯುತ್ತದೆ. ಸಮುದ್ರದ ತಂಪು ಗಾಳಿಗೆ ಒಳಗೆ ನುಗ್ಗಲು ಇರುವ ತಗ್ಗು ದಾರಿ ಇದೊಂದೇ. ಬಾಗಿಲ ಸಂದಿನಲ್ಲಿ ಗಾಳಿ ಸಿಳ್ಳೆ ಹೊಡೆಯುತ್ತದಲ್ಲ, ಅದೇ ಲೆಕ್ಕ. ಗಂಟೆಗೆ 40–50 ಕಿ.ಮೀ. ವೇಗ ಅಲ್ಲಿಯವರಿಗೆ ದೊಡ್ಡ ಸುದ್ದಿಯೇ ಅಲ್ಲ. ಆಟಕ್ಕೆ ಇಳಿಯುವವರು ಪಶ್ಚಿಮದ ಪೋರ್ಟ್‌ಲ್ಯಾಂಡಿಗೂ ಪೂರ್ವದ ದ ಡಾಲ್ಸ್ ಊರಿಗೂ ಇರುವ ಒತ್ತಡದ ವ್ಯತ್ಯಾಸ ನೋಡಿ ಆ ದಿನ ಗಾಳಿ ಎಷ್ಟು ಎಂದು ಅಂದಾಜು ಮಾಡುತ್ತಾರೆ.

ಈಗ ಆ ಗಾಳಿಯ ಎದುರು ನದಿ ಹರಿದು ಬರುತ್ತಿದೆ. ಎದುರಿನಿಂದ ಬರುವ ಪ್ರವಾಹ ಸಿಕ್ಕಿದಾಗ ಅಲೆ ಒತ್ತೊತ್ತಾಗುತ್ತದೆ. ಎರಡು ಅಲೆಗಳ ನಡುವಿನ ಅಂತರ ಕಿರಿದಾಗುತ್ತದೆ, ಎತ್ತರ ಏರುತ್ತದೆ, ಇಳಿಜಾರು ಕಡಿದಾಗುತ್ತದೆ. ಬೋರ್ಡಿಗೆ ಬೇಕಾಗಿರುವುದೂ ಇಳಿಜಾರೇ. ಅಂದರೆ ಪ್ರವಾಹ ವೇಗವನ್ನು ಸ್ವಲ್ಪ ಕಿತ್ತುಕೊಂಡು, ಬದಲಿಗೆ ಅಲೆಗಳನ್ನು ಕೊಡುತ್ತದೆ.

ಜನ ಹೆಚ್ಚಾಗಿ ಹೋಗುವ ದಾರಿ ವಿಯೆಂಟೊ ಎಂಬಲ್ಲಿಂದ ಹುಡ್ ರಿವರ್‌ವರೆಗೆ, ಸುಮಾರು 13 ಕಿ.ಮೀ. ವಿಯೆಂಟೊ ಎಂದರೆ ಸ್ಪ್ಯಾನಿಷ್‌ನಲ್ಲಿ ಗಾಳಿ. ಆದರೆ ಆ ಹೆಸರು ಬಂದಿದ್ದು ವಿಲ್ಲಾರ್ಡ್, ಎಂಡಿಕಾಟ್, ಟೋಲ್ಮನ್ ಎಂಬ ರೈಲ್ವೆ ಕಾಲದ ಮೂವರ ಹೆಸರಿನ ಮೊದಲ ಅಕ್ಷರಗಳಿಂದ ಎನ್ನುತ್ತಾರೆ. ಕಾಕತಾಳೀಯ ಅಂದರೆ ಹೀಗಿರಬೇಕು!

ಅಲೆಯ ಮೇಲೆ ಹತ್ತುವುದು ಹೇಗೆ ಎನ್ನುವುದು ನನಗೆ ಇಡೀ ವಿಷಯದಲ್ಲೇ ಅತಿ ಇಷ್ಟವಾದ ಭಾಗ. ಆಳದ ನೀರಿನಲ್ಲಿ ಅಲೆಯ ವೇಗ ಅದರ ಅವಧಿಯ ಮೇಲೆ ನಿಂತಿದೆ: ಸೆಕೆಂಡುಗಳಲ್ಲಿ ಅವಧಿಯನ್ನು 1.56ರಿಂದ ಗುಣಿಸಿದರೆ ಮೀಟರ್ ಲೆಕ್ಕದಲ್ಲಿ ವೇಗ. ಎರಡು ಸೆಕೆಂಡಿಗೊಂದು ಬರುವ ಅಲೆ ಗಂಟೆಗೆ ಸುಮಾರು 11 ಕಿ.ಮೀ. ಓಡುತ್ತದೆ, ಮೂರು ಸೆಕೆಂಡಿನದ್ದು 17 ಕಿ.ಮೀ. ಸಪಾಟು ನೀರಿನಲ್ಲಿ ನಮ್ಮಂಥವರು ಹುಟ್ಟು ಹಾಕಿ ಹೋಗುವ ವೇಗ ಆರೇಳು ಕಿ.ಮೀ. ಪಳಗಿದ ಸ್ಪರ್ಧಿಗಳದ್ದು ಒಂಬತ್ತು, ಹತ್ತು. ಹಾಗಾದರೆ ದೊಡ್ಡ ಅಲೆಯನ್ನು ಹಿಡಿಯುವುದು ಹೇಗೆ? ನೇರವಾಗಿ ಹಿಡಿಯಲು ಹೋಗುವುದೇ ಇಲ್ಲ. ಮೊದಲು ಚಿಕ್ಕ ಅಲೆಯೊಂದರ ಇಳಿಜಾರಿನಲ್ಲಿ ಜಾರಿ ವೇಗ ಗಳಿಸಿಕೊಳ್ಳಬೇಕು, ಆ ವೇಗದಲ್ಲಿ ಮಧ್ಯಮ ಅಲೆಗೆ ದಾಟಬೇಕು, ಅಲ್ಲಿಂದ ದೊಡ್ಡದಕ್ಕೆ. ಬೆಳಗ್ಗೆ ಎಂಟರ ಸಿಟಿ ಬಸ್ಸಿನ ಹಿಂದೆ ಓಡಿ ಫುಟ್‌ಬೋರ್ಡ್ ಹಿಡಿದವರಿಗೆ ಇದು ಬಿಡಿಸಿ ಹೇಳಬೇಕಿಲ್ಲ.

ಅಲೆ ಸಿಕ್ಕಿತು ಅಂತ ನಿಂತು ಸವಾರಿ ಮಾಡೋಣ ಅಂದರೆ ಅದೂ ಆಗದು. ಆಳದ ನೀರಿನಲ್ಲಿ ಒಂದೊಂದು ಅಲೆ ಓಡುವ ವೇಗದ ಅರ್ಧದಷ್ಟರಲ್ಲಿ ಮಾತ್ರ ಅಲೆಗಳ ಗುಂಪು ಮುಂದೆ ಸಾಗುತ್ತದೆ. ಕೆರೆಗೆ ದೊಡ್ಡ ಕಲ್ಲು ಎತ್ತಿ ಹಾಕಿ ಗಮನಿಸಿ. ಗುಂಪಿನ ಹಿಂದೆ ಹೊಸ ಅಲೆ ಹುಟ್ಟುತ್ತದೆ, ನಡುವೆ ಹಾದು ಮುಂದೆ ಹೋಗಿ ಅಲ್ಲೇ ಮಾಯವಾಗುತ್ತದೆ. ನೀವು ಏರಿದ ಅಲೆಯೂ ಕೆಲವೇ ಕ್ಷಣಗಳಲ್ಲಿ ಕಾಲಡಿಯಲ್ಲಿ ಕರಗಿ ಹೋಗುತ್ತದೆ. ಅಷ್ಟರಲ್ಲಿ ಎಡಕ್ಕೋ ಬಲಕ್ಕೋ ತಗ್ಗು ಎಲ್ಲಿ ಬೀಳುತ್ತಿದೆ ಎಂದು ನೋಡಿ ಬೋರ್ಡಿನ ಮೂತಿಯನ್ನು ಅತ್ತ ತಿರುಗಿಸಬೇಕು. ಅಲೆ ಹಿಡಿದಾಗ ಎರಡು ಹೆಜ್ಜೆ ಹಿಂದೆ, ಇಲ್ಲವಾದರೆ ಮೂತಿ ನೀರಿಗೆ ಹೂತುಹೋಗುತ್ತದೆ. ಅಲೆ ಬಿಟ್ಟಾಗ ಎರಡು ಹೆಜ್ಜೆ ಮುಂದೆ. ತೋಳಿನ ಕೆಲಸಕ್ಕಿಂತ ಕಣ್ಣು ಮತ್ತು ಪಾದದ ಕೆಲಸವೇ ಜಾಸ್ತಿ. ನಮ್ಮ ಪಠ್ಯದಲ್ಲಿ ‘ಗ್ರೂಪ್ ವೆಲಾಸಿಟಿ’ ಎರಡು ಅಂಕದ ಪ್ರಶ್ನೆಯಾಗಿತ್ತು. ಅದು ಬಿದ್ದು ಎದ್ದು ಕಲಿಯುವಂಥ ಸಂಗತಿ ಎಂದು ಯಾರೂ ಹೇಳಿರಲಿಲ್ಲ.

ಆ ನದಿಯ ಬಗ್ಗೆ ಇನ್ನೊಂದು ಮಾತು, ಸಿವಿಲ್ ವಿದ್ಯಾರ್ಥಿಯಾಗಿ. ಆಟ ನಡೆಯುವ ಈ ಅಗಲವಾದ ನೀರು 1938ರ ಬಾನ್‌ವಿಲ್ ಅಣೆಕಟ್ಟೆಯ ಹಿನ್ನೀರು. ಕ್ಯಾಸ್ಕೇಡ್ ಸಾಲಿಗೆ ಹೆಸರು ಕೊಟ್ಟ ಭೋರ್ಗರೆತದ ಇಳಿಜಾರು ಅದರ ಕೆಳಗೆ ಮುಳುಗಿದೆ. ಯಾಕಮಾ, ವಾರ್ಮ್ ಸ್ಪ್ರಿಂಗ್ಸ್, ಯುಮಟಿಲ್ಲಾ, ನೆಜ್ ಪರ್ಸ್ ಎಂಬ ಮೂಲನಿವಾಸಿಗಳಿಗೆ 1855ರ ಒಪ್ಪಂದಗಳಿಂದ ಉಳಿದ ಮೀನುಗಾರಿಕೆಯ ಹಕ್ಕು ಈಗಲೂ ಇದೆ. ಅವರ ಬಲೆಗಳು ನದಿಯಲ್ಲಿ ಇರುತ್ತವೆ. ಬೋರ್ಡಿನವರು ಅವುಗಳಿಂದ ದೂರ ಇರಬೇಕು. ಗೋಧಿ ಹೊತ್ತ ದೊಡ್ಡ ಬಾರ್ಜುಗಳಿಗೂ ದಾರಿ ಬಿಡಬೇಕು. ನನಗೆ ಇದು ಸರಿಯಾದ ಕ್ರಮ ಎನ್ನಿಸುತ್ತದೆ. ನಮ್ಮ ಶಾಂಭವಿಯಲ್ಲೂ ಬಲೆ ಬೀಸುವವರು, ಮರುವಾಯಿ ಹೆಕ್ಕುವವರು ಮೊದಲು, ನಾವು ಆಮೇಲೆ.

ಹೌದು, ಶಾಂಭವಿ. ಕೊಲಂಬಿಯಾದ ಕಥೆ ಓದುತ್ತಾ ಹೋದಂತೆ ನನಗೆ ಹೊಳೆದದ್ದು, ಇದರ ಚಿಕ್ಕ ಮಾದರಿ ಮನೆಯ ಹಿಂದೆಯೇ ಇದೆ ಅನ್ನುವುದು. ನದಿ ಪಶ್ಚಿಮಕ್ಕೆ ಹರಿದು ಸಸಿಹಿತ್ಲುವಿನ ಬಳಿ ನಂದಿನಿಯ ಜೊತೆ ಸಮುದ್ರ ಸೇರುತ್ತದೆ. ಬೇಸಿಗೆಯ ಮಧ್ಯಾಹ್ನ ನೆಲ ಕಾದು ಕಡಲಗಾಳಿ ಒಳಗೆ ಬೀಸುತ್ತದೆ. ಇಳಿತದ ಹೊತ್ತಾದರೆ ನೀರು ಹೊರಗೆ, ಗಾಳಿ ಒಳಗೆ. ಅಳಿವೆಯಲ್ಲಿ ಆ ಹೊತ್ತಿಗೆ ನೀರು ಯಾಕೆ ಕುದಿಯುತ್ತದೆ ಎಂದು ಚಿಕ್ಕಂದಿನಲ್ಲಿ ಕೇಳಿದ್ದಕ್ಕೆ ಅಪ್ಪ ‘ಗಾಳಿಗೂ ನೀರಿಗೂ ಆಗಿಬರುವುದಿಲ್ಲ’ ಅಂದಿದ್ದರು. ಅಪ್ಪನದು ನಾಡದೋಣಿ. ನನ್ನ ಪುಸ್ತಕದಲ್ಲಿ ಅದಕ್ಕೆ ಒಂದೂವರೆ ಪುಟದ ಸಮೀಕರಣವಿದೆ.

ಪ್ಯಾಡಲ್‌ಬೋರ್ಡ್ ನಮ್ಮೂರಿಗೆ ಹೊಸದಲ್ಲ. ಅಮೆರಿಕದ ಜಾಕ್ ಹೆಬ್ನರ್ 2004ರಲ್ಲಿ ಮೂಲ್ಕಿಯಲ್ಲಿ ಸರ್ಫಿಂಗ್ ಆಶ್ರಮ ಶುರುಮಾಡಿದ ಮೇಲೆ ಇಲ್ಲಿಯ ಹುಡುಗರು ಬೋರ್ಡು ಹತ್ತಿದರು. 2024ರ ಮಾರ್ಚ್‌ನಲ್ಲಿ ಸಸಿಹಿತ್ಲುವಿನಲ್ಲೇ ಅಂತರರಾಷ್ಟ್ರೀಯ ಪ್ಯಾಡಲ್ ಸ್ಪರ್ಧೆ ನಡೆಯಿತು. ನಾನು ಕಲಿತದ್ದು ನದಿಯ ಒಳಭಾಗದಲ್ಲಿ, ಬೆಳಗಿನ ಸಪಾಟು ನೀರಿನಲ್ಲಿ. ಬೆನ್ನಿಗೆ ಗಾಳಿ ಹಾಕಿಕೊಂಡು ಹೋಗುವ ಮಾತೆತ್ತಿದಾಗ ಅಮ್ಮ ಒಪ್ಪಲಿಲ್ಲ.

ಅದಕ್ಕೆ ಕಾರಣವಿತ್ತು. ಪಿಯುಸಿಯಲ್ಲಿ ನನ್ನ ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದ ಗೆಳೆಯ ಪರೀಕ್ಷೆ ಮುಗಿದ ವಾರ ನಾಲ್ಕು ಜನರ ಜೊತೆ ಹೊಳೆಗೆ ಹೋಗಿದ್ದ. ಮೂವರು ಬಂದರು. ಅವನಿಗೆ ಈಜು ಬರುತ್ತಿತ್ತು. ಅವನ ಜೊತೆ ಹೋದ ಇನ್ನೊಬ್ಬನಿಗೂ ಬರುತ್ತಿತ್ತು. ‘ನೀರುಪಾಲು’ ಎಂಬ ಪದ ಪತ್ರಿಕೆಯಲ್ಲಿ ಎಷ್ಟು ಸಲ ಬರುತ್ತದೆಂದರೆ ನಾವು ಅದನ್ನು ಓದುವುದನ್ನೇ ಬಿಟ್ಟಿದ್ದೇವೆ. ಅಮ್ಮ ಬಿಟ್ಟಿಲ್ಲ. ತುಳುವಿನಲ್ಲಿ ಅಮ್ಮ ಕೇಳಿದ್ದನ್ನು ಕನ್ನಡದಲ್ಲಿ ಹೇಳುವುದಾದರೆ ಹೀಗೆ: ‘ಗಾಳಿ ನಿನ್ನನ್ನು ಒಳಗೆ ತರುತ್ತದೆ, ಸರಿ. ನಡುವೆ ಗಾಳಿ ನಿಂತರೆ? ನೀರು ಎಲ್ಲಿಗೆ ಕೊಂಡೊಯ್ಯುತ್ತದೆ?’

ಸಮುದ್ರಕ್ಕೆ. ಕೊಲಂಬಿಯಾದವರಿಗೂ ಇದೇ ತೊಂದರೆ ಉಂಟು, ಆದರೆ ಅಲ್ಲಿ ಗಾಳಿ ನಿಂತರೆ ನದಿ ಅವರನ್ನು ಹೊರಟ ಕಡೆಗೇ ತಳ್ಳುತ್ತದೆ. ನಮ್ಮಲ್ಲಿ ಹೊರಟ ಜಾಗದ ಆಚೆಗೆ ಅರಬ್ಬಿ ಸಮುದ್ರವಿದೆ. ನಾನು ಆ ರಾತ್ರಿ ಉಬ್ಬರ–ಇಳಿತದ ಪಟ್ಟಿ ಹಿಡಿದು ಕೂತೆ. ಇಳಿತದ ಸುಮಾರು ಆರು ಗಂಟೆಯಲ್ಲಿ ನಡುವಿನ ಎರಡು ಗಂಟೆ ನೀರು ಅತಿ ಜೋರು; ಕೊನೆಯ ಗಂಟೆಯಲ್ಲಿ ಇಳಿಯುವುದು ಒಟ್ಟು ಇಳಿತದ ಹನ್ನೆರಡನೇ ಒಂದು ಭಾಗ ಮಾತ್ರ. ಹಾಗಾದರೆ ಹೊರಡಬೇಕಾದ್ದು ಆ ಕೊನೆಯ ಗಂಟೆಯಲ್ಲಿ. ಅಲೆಗೆ ಬೇಕಾದಷ್ಟು ಎದುರುನೀರು ಇರುತ್ತದೆ. ಗಾಳಿ ನಿಂತರೂ ಸ್ವಲ್ಪ ಹೊತ್ತಿಗೆ ಉಬ್ಬರ ಶುರುವಾಗಿ ನೀರೇ ಒಳಗೆ ತರುತ್ತದೆ. ಅಪ್ಪ ಕಾಗದ ನೋಡಿ, ‘ಪಟ್ಟಿಯಲ್ಲಿ ಬರೆದ ಹೊತ್ತಿಗೆ ಅಳಿವೆಯಲ್ಲಿ ನೀರು ತಿರುಗುವುದಿಲ್ಲ, ತಡವಾಗಿ ತಿರುಗುತ್ತದೆ’ ಅಂದರು. ಎಷ್ಟು ತಡ ಎಂದರೆ ಅದು ದಿನಕ್ಕೊಂದು ಥರ. ಆದ್ದರಿಂದ ಹೊತ್ತು ನಿಗದಿ ಮಾಡುವುದು ಅವರ ಕೆಲಸವಾಯಿತು.

ಮಾರ್ಚ್‌ನಿಂದ ಮೇವರೆಗೆ ಒಟ್ಟು ಒಂಬತ್ತು ಸಲ ಹೋದೆ. ಅಳಿವೆಯ ಬಾಯಿಯಿಂದ ಅಲ್ಲ, ಸಾಕಷ್ಟು ಒಳಗಿನಿಂದ, ಹೆದ್ದಾರಿ ಸೇತುವೆಯ ಕಡೆಗೆ. ನಿಜ ಹೇಳಬೇಕೆಂದರೆ ನಮ್ಮ ಅಲೆ ಮೊಣಕಾಲಿನ ಮೇಲೆ ಬರುವುದಿಲ್ಲ. ಅಲೆ ಬೆಳೆಯಲು ಗಾಳಿಗೆ ನೇರವಾದ ಉದ್ದ ನೀರು ಬೇಕು. ಕೊಲಂಬಿಯಾದಲ್ಲಿ ಅದು ಕಿಲೋಮೀಟರ್‌ಗಟ್ಟಲೆ ಇದೆ, ಶಾಂಭವಿ ಅಷ್ಟರಲ್ಲಿ ತಿರುಗಿಬಿಡುತ್ತದೆ. ಆದರೂ ಬೆನ್ನ ಹಿಂದೆ ಸರಸರ ಸದ್ದು, ಬೋರ್ಡಿನ ಹಿಂಬದಿ ಮೆಲ್ಲನೆ ಏಳುವುದು, ನಾಲ್ಕು ಹುಟ್ಟು ಚಕಚಕ, ಆಮೇಲೆ ಹುಟ್ಟು ಹಾಕದೆಯೇ ಓಡುವ ಆರೇಳು ಸೆಕೆಂಡು. ತೆಂಗಿನ ಮರಗಳು ಹಿಂದೆ ಹಿಂದೆ ಹೋಗುತ್ತವೆ. ಕಾಲಡಿಯ ನೀರು ನೋಡಿದರೆ ಅದೂ ಹಿಂದೆಯೇ.

ಈ ಆಟಕ್ಕೆ ಹೊರಡುವವರಿಗೆ ಮುಖ್ಯವಾದ ಒಂದು ಸಂಗತಿ ಹೇಳಿಬಿಡುತ್ತೇನೆ. ಡೌನ್‌ವಿಂಡ್‌ನಲ್ಲಿ ವಾಪಸ್ ದಾರಿ ಇಲ್ಲ. ಹಾಗಾಗಿ ಹುಡ್ ರಿವರ್‌ನಲ್ಲಿ ಜನ ಒಂದು ಕಾರನ್ನು ಮುಗಿಯುವ ಕಡೆ ಬಿಟ್ಟು ಇನ್ನೊಂದರಲ್ಲಿ ಹೊರಡುವ ಕಡೆಗೆ ಹೋಗುತ್ತಾರೆ. ನೀರಿಗೆ ಬಿದ್ದರೆ ಗಾಳಿ ಬೋರ್ಡನ್ನು ನಾವು ಈಜುವುದಕ್ಕಿಂತ ವೇಗವಾಗಿ ಒಯ್ಯುತ್ತದೆ. ಅದಕ್ಕೇ ಬೋರ್ಡಿಗೂ ದೇಹಕ್ಕೂ ನಡುವೆ ಲೀಶ್ ಎಂಬ ಹಗ್ಗ. ಹರಿಯುವ ನದಿಯಲ್ಲಿ ಅದನ್ನು ಕಾಲಿಗೆ ಕಟ್ಟಬಾರದು. ಬಲೆಗೋ ಕಂಬಕ್ಕೋ ಸಿಕ್ಕಿದರೆ ಪ್ರವಾಹ ತಲೆಯನ್ನು ಕೆಳಗೆ ಒತ್ತುತ್ತದೆ, ಬಗ್ಗಿ ಬಿಚ್ಚಲು ಕೈ ಎಟುಕುವುದಿಲ್ಲ. ಸೊಂಟಕ್ಕೆ ಕಟ್ಟಿ, ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವಂಥ ಬೆಲ್ಟ್ ಇರಬೇಕು. ಲೈಫ್ ಜಾಕೆಟ್ ಬಗ್ಗೆ ‘ನನಗೆ ಈಜು ಬರ್ತದೆ’ ಎನ್ನುವವರಿಗೆ ನಾನು ವಾದ ಮಾಡುವುದಿಲ್ಲ, ಜೊತೆಗೆ ಕರೆದುಕೊಂಡೂ ಹೋಗುವುದಿಲ್ಲ. ಬೋರ್ಡ್ ಕೊಳ್ಳುವ ಆತುರವೂ ಬೇಡ. ಒಂದು ಸೀಸನ್ ಪೂರ್ತಿ ನಾನು ಬಾಡಿಗೆಯ ಬೋರ್ಡಿನಲ್ಲೇ ಕಳೆದೆ.

ಈಗ ಮಳೆಗಾಲ. ನದಿ ಕೆಂಪಾಗಿದೆ, ಮರದ ದಿಮ್ಮಿಗಳು ತೇಲಿ ಬರುತ್ತಿವೆ, ಯಾರೂ ಇಳಿಯುವಂತಿಲ್ಲ. ಐದನೇ ಸೆಮಿಸ್ಟರ್‌ನ ಮಿನಿ ಪ್ರಾಜೆಕ್ಟಿಗೆ ನಾನು ಬರೆದುಕೊಟ್ಟಿರುವುದು ಇದೇ ವಿಷಯ: ಅಳಿವೆಯಲ್ಲಿ ಪಟ್ಟಿಯ ಹೊತ್ತಿಗೂ ನೀರು ನಿಜವಾಗಿ ತಿರುಗುವ ಹೊತ್ತಿಗೂ ಎಷ್ಟು ವ್ಯತ್ಯಾಸ, ಗಾಳಿ ಅದನ್ನು ಎಷ್ಟು ಬದಲಿಸುತ್ತದೆ. ಗೈಡ್ ಮೇಡಂ ‘ಡೇಟಾ ಎಲ್ಲಿದೆ?’ ಎಂದು ಕೇಳಿದರು. ಸದ್ಯಕ್ಕೆ ಅದು ಅಪ್ಪನ ತಲೆಯಲ್ಲಿದೆ. ಮಳೆ ಕಳೆದ ಮೇಲೆ ದಿನಾ ಬರೆದಿಡಲು ಅವರಿಗೊಂದು ಹಳೆಯ ಡೈರಿ ಕೊಟ್ಟಿದ್ದೇನೆ. ಅಕ್ಟೋಬರ್‌ನಿಂದ ನಾನು ಬೋರ್ಡ್ ಇಳಿಸುವ ದಿನ ಹಿಂದೆ ದೋಣಿಯೂ ಬರುತ್ತದೆ. ಅದು ಅಮ್ಮನ ಷರತ್ತು.