ಕಲಘಟಗಿಯ ಆಪೂಸಿಗೆ ಕಡಲ ದಾರಿ

ಹುಬ್ಬಳ್ಳಿಯಿಂದ ಅಂಕೋಲಾ ರಸ್ತೆ ಹಿಡಿದರೆ ಎರಿ ಹೊಲಗಳು ಹಿಂದೆ ಸರಿದು ಕೆಂಪು ಮಸಾರಿ ಶುರುವಾಗುತ್ತದೆ. ಬಯಲು ಮುಗಿದು ಗುಡ್ಡ ಏಳುತ್ತದೆ, ಗುಡ್ಡದ ಮಗ್ಗುಲಿಗೆ ಮಾವಿನ ತೋಟ, ತಗ್ಗಿನಲ್ಲಿ ಭತ್ತದ ಗದ್ದೆ. ಇದು ಧಾರವಾಡ ಜಿಲ್ಲೆಯ ಕಲಘಟಗಿ ತಾಲ್ಲೂಕು. ಬಣ್ಣದ ತೊಟ್ಟಿಲಿಗೂ ತಂಬೂರಿನ ಕೆರೆಗೂ ಹೆಸರಾದ ಈ ಅರೆಮಲೆನಾಡಿನ ಮಳೆನೀರು ಬೇಡ್ತಿ ಹೊಳೆ ಸೇರಿ, ಘಟ್ಟ ಇಳಿದು, ಗಂಗಾವಳಿ ಎನಿಸಿಕೊಂಡು ಅಂಕೋಲಾ ಬಳಿ ಅರಬ್ಬಿ ಸಮುದ್ರಕ್ಕೆ ಬೀಳುತ್ತದೆ. ಇದೇ ಜಿಲ್ಲೆಯ ಕುಂದಗೋಳ, ನವಲಗುಂದದ ನೀರು ಮಾತ್ರ ಬೆಣ್ಣಿಹಳ್ಳದ ಮೂಲಕ ಮಲಪ್ರಭೆಗೆ ಕೂಡಿ, ಕೃಷ್ಣೆಯೊಂದಿಗೆ ಬಂಗಾಳ ಕೊಲ್ಲಿಯ ಕಡೆ ಹೋಗುತ್ತದೆ.

ಕಲಘಟಗಿಯ ನೀರು ತಾನಾಗಿ ಕಡಲು ಮುಟ್ಟುತ್ತದೆ. ಆದರೆ ಇಲ್ಲಿ ಬೆಳೆಯುವ ಆಪೂಸ್ ಮಾವು ಕಡಲು ದಾಟಬೇಕಾದರೆ ತೋಟದಿಂದ ಪರದೇಶದ ಅಂಗಡಿಯವರೆಗೆ ತಂಪು ಎಲ್ಲಿಯೂ ಕಡಿಯಬಾರದು. ಆ ತಂಪಿನ ಮೊದಲ ಕೊಂಡಿ ಹಳ್ಳಿಯಲ್ಲಿ ಇರಬೇಕು, ಬಂದರಿನಲ್ಲಲ್ಲ.

ಆಪೂಸಿನ ಸೀಮೆ

ಧಾರವಾಡ ಮತ್ತು ಕಲಘಟಗಿ ತಾಲ್ಲೂಕುಗಳೇ ಜಿಲ್ಲೆಯ ಮಾವಿನ ಸೀಮೆ. ಬೆಳೆಯಲ್ಲಿ ದೊಡ್ಡ ಪಾಲು ಆಪೂಸಿನದು. ‘ಒಂದು ಜಿಲ್ಲೆ ಒಂದು ಉತ್ಪನ್ನ’ ಯೋಜನೆಯಲ್ಲಿ ಧಾರವಾಡಕ್ಕೆ ಆಯ್ಕೆಯಾದದ್ದೂ ಮಾವೇ. ಏಪ್ರಿಲಿನಿಂದ ಮುಂಗಾರು ಹಿಡಿಯುವವರೆಗೆ ಸುಗ್ಗಿ. ಅಷ್ಟರೊಳಗೆ ಹಣ್ಣು ಗಿಡ ಬಿಟ್ಟು, ಪೆಟ್ಟಿಗೆ ಸೇರಿ, ಮಾರಾಟವೂ ಆಗಬೇಕು. ಎಷ್ಟೋ ತೋಟಗಳು ಹೂವು, ಮಿಡಿ ಇರುವಾಗಲೇ ಗುತ್ತಿಗೆ ಹೋಗುತ್ತವೆ. ಗಾಳಿ, ಆಲಿಕಲ್ಲು, ದರ ಕುಸಿತದ ಭಯ ಒಂದು ಕಡೆ, ಕೈಗಡದ ಒತ್ತಡ ಇನ್ನೊಂದು ಕಡೆ. ಮುಂದೆ ಹಣ್ಣು ಹುಬ್ಬಳ್ಳಿಯ ಪೇಟೆಗೋ ಮುಂಬೈ, ಪುಣೆಯ ಮಾರುಕಟ್ಟೆಗೋ ತಿರುಳು ತೆಗೆಯುವ ಕಾರ್ಖಾನೆಗೋ ಹೋಗುತ್ತದೆ. ದೂರದ ಪೇಟೆ ಮುಟ್ಟುವ ಹೊತ್ತಿಗೆ ಅದು ಯಾವ ಊರಿನ ಹಣ್ಣು ಎಂಬುದನ್ನು ಕೇಳುವವರೇ ಇರುವುದಿಲ್ಲ.

ಹತ್ತಿ ಕಾಯಿತು, ಮಾವು ಕಾಯದು

ಈ ಸೀಮೆಗೆ ಕಡಲ ವ್ಯಾಪಾರ ಹೊಸದಲ್ಲ. 1861ರಿಂದ 1865ರವರೆಗೆ ಅಮೆರಿಕದ ಅಂತರ್ಯುದ್ಧ ನಡೆದಾಗ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಿಗದೆ, ಧಾರವಾಡ ಸೀಮೆಯ ಹತ್ತಿಗೆ ಬಂಗಾರದ ಬೆಲೆ ಬಂತು. ಎರಿ ಹೊಲದ ಹತ್ತಿ ಘಟ್ಟ ಇಳಿದು ಕುಮಟಾ ಬಂದರು ಸೇರುತ್ತಿತ್ತು. ಆ ಬಂದರಿನ ಹೆಸರೇ ಹತ್ತಿಗೂ ಅಂಟಿ, ಪರದೇಶದ ಪೇಟೆಯಲ್ಲಿ ಅದು ‘ಕುಮಟಾ ಹತ್ತಿ’ ಎನಿಸಿಕೊಂಡಿತು. ಹತ್ತಿ ಒಣ ಸರಕು. ಮಳೆಗಾಲದಲ್ಲಿ ಬಂದರು ಮುಚ್ಚಿದರೆ ಗೋದಾಮಿನಲ್ಲಿ ಬಿದ್ದಿದ್ದರೂ ನಡೆಯುತ್ತಿತ್ತು.

ಮಾವಿಗೆ ಆ ತಾಳ್ಮೆ ಇಲ್ಲ. ಗಿಡದಿಂದ ಬಿಡಿಸಿದ ಮೇಲೂ ಕಾಯಿ ಉಸಿರಾಡುತ್ತದೆ, ಶಾಖ ಬಿಡುತ್ತದೆ, ತನ್ನನ್ನು ತಾನೇ ಹಣ್ಣು ಮಾಡಿಕೊಳ್ಳುವ ಎಥಿಲೀನ್ ಅನಿಲ ಹೊರಹಾಕುತ್ತದೆ. ಮೇ ತಿಂಗಳ ಬಿಸಿಲಲ್ಲಿ ಕಾದ ಕಾಯಿಯಲ್ಲಿ ಈ ಕೆಲಸ ಇನ್ನೂ ಚುರುಕು. ತಂಪು ಅದನ್ನು ನಿಲ್ಲಿಸುವುದಿಲ್ಲ, ನಿಧಾನ ಮಾಡುತ್ತದೆ. ತಂಪು ಹೆಚ್ಚಾದರೂ ಕೇಡು: 12 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬಹಳ ದಿನ ಇಟ್ಟರೆ ಸಿಪ್ಪೆ ಕಪ್ಪಾಗುತ್ತದೆ, ಹಣ್ಣು ಸರಿಯಾಗಿ ಮಾಗುವುದೇ ಇಲ್ಲ. ಹಾಗಾಗಿ ಹಡಗಿನಲ್ಲಿ ಆಪೂಸನ್ನು 12–13 ಡಿಗ್ರಿಯಲ್ಲಿ ಇಡುತ್ತಾರೆ. ಹೆಪ್ಪುಗಟ್ಟಿಸಿದ ಮಾವಿನ ಹೋಳು ಅಥವಾ ಮೀನಿನ ಲೆಕ್ಕ ಬೇರೆ, ಅದಕ್ಕೆ ಮೈನಸ್ 18 ಡಿಗ್ರಿ ಬೇಕು.

ತೊಟ್ಟು, ಸೊನೆ, ಬಿಸಿನೀರು

ಪರದೇಶಕ್ಕೆ ಹೋಗುವ ಕಾಯಿಯನ್ನು ಕೊಂಬೆ ಅಲುಗಿಸಿ ಉದುರಿಸುವ ಹಾಗಿಲ್ಲ. ಕಾಯಿಯ ಭುಜ ತೊಟ್ಟಿಗಿಂತ ಮೇಲೆದ್ದು ತುಂಬಿರಬೇಕು, ನೀರಿಗೆ ಹಾಕಿದರೆ ಮುಳುಗಬೇಕು. ಕೋಲಿನ ತುದಿಯ ಬಲೆಗೆ ತೊಟ್ಟು ಸಮೇತ ಕತ್ತರಿಸಿಕೊಂಡು, ಆಮೇಲೆ ತೊಟ್ಟು ಮೊಟಕು ಮಾಡಿ, ಕಾಯಿಯನ್ನು ತಲೆಕೆಳಗಾಗಿ ಸಾಲಾಗಿ ಇಡುತ್ತಾರೆ. ಚಿಮ್ಮಿ ಬರುವ ಸೊನೆ ಸಿಪ್ಪೆಗೆ ತಾಗದೆ ಕೆಳಗೆ ಇಳಿಯಬೇಕು. ಒಂದೆರಡು ಹನಿ ಹರಿದರೂ ಸಾಕು, ಅಲ್ಲಿ ಸುಟ್ಟ ಕಲೆ ಏಳುತ್ತದೆ, ಆ ಕಾಯಿ ರಫ್ತಿನ ಪೆಟ್ಟಿಗೆಯಿಂದ ಹೊರಬೀಳುತ್ತದೆ.

ಹಣ್ಣುನೊಣದ ಕಾಟದಿಂದಾಗಿ ಐರೋಪ್ಯ ಒಕ್ಕೂಟ 2014ರ ಮೇ 1ರಿಂದ ಭಾರತದ ಮಾವಿಗೆ ಬಾಗಿಲು ಮುಚ್ಚಿತ್ತು. ತಪಾಸಣೆ, ಉಪಚಾರ ಬಿಗಿಯಾದ ಮೇಲೆ 2015ರ ಆರಂಭದಲ್ಲಿ ಅದು ಮತ್ತೆ ತೆರೆಯಿತು. ಈಗ ಅಲ್ಲಿಗೆ ಹೋಗುವ ಕಾಯಿಯನ್ನು 48 ಡಿಗ್ರಿಯ ಬಿಸಿನೀರಿನಲ್ಲಿ ಒಂದು ಗಂಟೆ ಮುಳುಗಿಸುವ ಪದ್ಧತಿ ಇದೆ. ಅಮೆರಿಕಕ್ಕಾದರೆ ವಿಕಿರಣ ಉಪಚಾರ ಬೇಕು. ರಾಜ್ಯದಲ್ಲಿ ಅದರ ಘಟಕ ಇರುವುದು ಕೋಲಾರ ಜಿಲ್ಲೆಯ ಮಾಲೂರಿನಲ್ಲಿ, ಅಂದರೆ ಕಲಘಟಗಿಗೆ ರಾಜ್ಯದ ಇನ್ನೊಂದು ತುದಿಯಲ್ಲಿ. ಆಪೂಸಿಗೆ ಇವೆಲ್ಲದರ ಮೇಲೆ ಇನ್ನೊಂದು ತೊಡಕು: ಹೊರಗೆ ಚೆಂದ ಕಾಣುವ ಹಣ್ಣಿನ ಒಳಗೆ ತಿರುಳು ಬೆಳ್ಳಗೆ, ಹುಳಿಯಾಗಿ, ಟೊಳ್ಳಾಗಿ ಕೆಟ್ಟಿರಬಹುದು. ಹಣ್ಣು ಹೆಚ್ಚುವವರೆಗೆ ತಿಳಿಯುವುದೇ ಇಲ್ಲ.

ತಂಪು ಕಾಯುವ ಪೆಟ್ಟಿಗೆ

1882ರಲ್ಲಿ ‘ಡನೆಡಿನ್’ ಎಂಬ ಹಾಯಿಹಡಗು ನ್ಯೂಜಿಲೆಂಡಿನಿಂದ ಸುಮಾರು 5,000 ಕುರಿಗಳ ಹೆಪ್ಪುಗಟ್ಟಿಸಿದ ಮಾಂಸ ಹೊತ್ತು 98 ದಿನಗಳಲ್ಲಿ ಲಂಡನ್ ಸೇರಿತು. ಅಲ್ಲಿಂದ ಬೆಳೆದ ತಂತ್ರಜ್ಞಾನವೇ ಇಂದಿನ ರೀಫರ್ ಕಂಟೇನರ್. ಅದರ ಒಂದು ತುದಿಗೆ ಯಂತ್ರ, ನೆಲಕ್ಕೆ ಉದ್ದುದ್ದ ಕಾಲುವೆಗಳಂತೆ ಸೀಳಿದ ಅಲ್ಯೂಮಿನಿಯಂ ಹಾಸು. ತಣ್ಣನೆಯ ಗಾಳಿ ಆ ಹಾಸಿನಡಿಯಿಂದ ಹೊರಟು, ಪೆಟ್ಟಿಗೆಗಳ ತೂತುಗಳ ಮೂಲಕ ಮೇಲೇರಿ, ಮರಳಿ ಯಂತ್ರ ಸೇರುತ್ತದೆ. ತೂತಿಗೆ ತೂತು ಕೂಡದಂತೆ ಪೆಟ್ಟಿಗೆ ಪೇರಿಸಿದರೆ, ಗೋಡೆಯ ಕೆಂಪು ಗೆರೆ ದಾಟಿ ತುಂಬಿದರೆ ಗಾಳಿಯ ದಾರಿ ಕಟ್ಟಿ ನಡುವಿನ ಹಣ್ಣು ಬೇಯುತ್ತದೆ.

ಈ ಯಂತ್ರದ ಕೆಲಸ ತಂಪನ್ನು ಕಾಯುವುದು, ಬಿಸಿ ಹಣ್ಣನ್ನು ತಣಿಸುವುದಲ್ಲ. ತೋಟದ ಕಾವು ಹೊತ್ತ ಮಾವನ್ನು ಹಾಗೆಯೇ ತುಂಬಿದರೆ ಅದು ತಣ್ಣಗಾಗುವಷ್ಟರಲ್ಲಿ ಹಲವು ದಿನಗಳ ಬಾಳಿಕೆ ಕಳೆದಿರುತ್ತದೆ. ಆದ್ದರಿಂದ ಕೊಯ್ದ ಕೆಲವೇ ಗಂಟೆಗಳಲ್ಲಿ ಪೂರ್ವಶೀತಲೀಕರಣ ಆಗಬೇಕು. ಅದು ಆಗಬೇಕಾದ ಜಾಗ ತೋಟದ ಹತ್ತಿರ.

2022ರ ಜೂನಿನಲ್ಲಿ ಮಹಾರಾಷ್ಟ್ರದ ಕೃಷಿ ಮಾರಾಟ ಮಂಡಳಿ ಭಾಭಾ ಅಣು ಸಂಶೋಧನಾ ಕೇಂದ್ರದ ನೆರವಿನಿಂದ 16,560 ಕಿಲೋ ಮಾವನ್ನು ಹಡಗಿನಲ್ಲಿ ಅಮೆರಿಕಕ್ಕೆ ಕಳಿಸಿತು. ಪಯಣ ಸುಮಾರು 25 ದಿನಗಳದ್ದು. ವಿಮಾನಕ್ಕೆ ಹೋಲಿಸಿದರೆ ಹಡಗಿನ ಬಾಡಿಗೆ ಬಹಳ ಕಡಿಮೆ. ಆದರೆ ಹಡಗು ಹಣ್ಣಿನ ಆಯುಷ್ಯವನ್ನೇ ಪಣಕ್ಕೆ ಕೇಳುತ್ತದೆ. 2023ರ ಕೊನೆಯಿಂದ ಕೆಂಪು ಸಮುದ್ರದಲ್ಲಿ ದಾಳಿಗಳು ನಡೆದು ಹಡಗುಗಳು ಆಫ್ರಿಕವನ್ನು ಸುತ್ತಿ ಯುರೋಪಿಗೆ ಹೋಗಬೇಕಾದಾಗ ಒಂದೆರಡು ವಾರ ಹೆಚ್ಚಾಯಿತು. ಮಾವಿಗೆ ಅಷ್ಟು ದಿನ ಎಂದರೆ ಇಡೀ ಬಾಳೇ. ಮೊದಲ ಹೆಜ್ಜೆಗೆ ಹತ್ತಿರದ ಕೊಲ್ಲಿ ದೇಶಗಳೇ ವಾಸಿ.

ಎರಿ ಹೊಲದ ಪಾಠ

ತಂಪು ಏನು ಮಾಡಬಲ್ಲದು ಎಂಬುದನ್ನು ಜಿಲ್ಲೆಯ ಪೂರ್ವ ಭಾಗ ಬಲ್ಲದು. ಕುಂದಗೋಳ, ಅಣ್ಣಿಗೇರಿ, ನವಲಗುಂದದ ರೈತರು ಬೆಳೆಯುವ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿತು. ಅದರ ಬೆಲೆ ಇರುವುದು ಖಾರದಲ್ಲಲ್ಲ, ಬಣ್ಣದಲ್ಲಿ. ಸೆಖೆ, ಬೆಳಕಿಗೆ ಆ ಬಣ್ಣ ಮಾಸುತ್ತದೆ, ಶೀತಲಗೃಹದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಒಣ ಸರಕಾದ್ದರಿಂದ ಹಡಗಿನಲ್ಲಿ ಅದಕ್ಕೆ ರೀಫರ್ ಬೇಕಿಲ್ಲ. ತಂಪು ಬೇಕಾದದ್ದು ನೆಲದ ಮೇಲೆ, ದರ ಬರುವವರೆಗೆ. ಶೀತಲಗೃಹದಲ್ಲಿ ಯಾರ ಚೀಲ ಇದೆಯೋ ಅವರಿಗೆ ಕಾಯುವ ಶಕ್ತಿ ಇದೆ. ಕಣದಿಂದ ನೇರವಾಗಿ ಅಡತಿ ಅಂಗಡಿಗೆ ಹೋದವರು ಅಂದಿನ ದರಕ್ಕೇ ಕೊಡಬೇಕು.

ಉಳ್ಳಾಗಡ್ಡಿಯ ಕಥೆ ಇನ್ನೂ ಕಠಿಣ. ಅದಕ್ಕೆ ತಂಪಿಗಿಂತ ಒಣ ಗಾಳಿ ಮುಖ್ಯ. ಮಳೆಯಲ್ಲಿ ಕಿತ್ತ ಗಡ್ಡೆ ಹೆಚ್ಚು ದಿನ ತಡೆಯುವುದಿಲ್ಲ. ತಡೆದರೂ ರಫ್ತಿನ ಬಾಗಿಲು ತೆರೆದಿರುತ್ತದೆಂಬ ನಂಬಿಕೆ ಇಲ್ಲ: 2023ರ ಡಿಸೆಂಬರಿನಿಂದ 2024ರ ಮೇ ಆರಂಭದವರೆಗೆ ಕೇಂದ್ರ ಸರ್ಕಾರ ರಫ್ತನ್ನೇ ನಿಷೇಧಿಸಿತ್ತು.

ಬೇಕಾದದ್ದೇನು?

ಕಡಲ ಮಾತು ಬಂದಾಗಲೆಲ್ಲ ಇಲ್ಲಿ ಹುಬ್ಬಳ್ಳಿ–ಅಂಕೋಲಾ ರೈಲುಮಾರ್ಗದ ಮಾತು ಬರುತ್ತದೆ. 1990ರ ದಶಕದಲ್ಲಿ ಮಂಜೂರಾದ ಆ ಮಾರ್ಗ ಪಶ್ಚಿಮ ಘಟ್ಟದ ಕಾಡಿನ ಪ್ರಶ್ನೆಯಲ್ಲಿ ಸಿಲುಕಿದೆ. ಆ ಪ್ರಶ್ನೆ ಸಣ್ಣದಲ್ಲ. ಆದರೆ ಮಾವು ಅದರ ಇತ್ಯರ್ಥಕ್ಕೆ ಕಾಯಬೇಕಾಗಿಲ್ಲ. ಹುಬ್ಬಳ್ಳಿಯಿಂದ ಮುಂಬೈ ಬಳಿಯ ನ್ಹಾವಾ ಶೇವಾ ಬಂದರಿಗೆ ಐನೂರು ಕಿಲೋಮೀಟರಿಗೂ ಮಿಕ್ಕ ಹೆದ್ದಾರಿ ಈಗಲೇ ಇದೆ. ಜನರೇಟರ್ ಕಟ್ಟಿಕೊಂಡ ರೀಫರ್ ಲಾರಿ ಆ ದಾರಿಯಲ್ಲಿ ತಂಪು ಕೆಡದೆ ಹೋಗಬಲ್ಲದು.

ತೋಟಗಳು ಕೇಂದ್ರದ ಕೃಷಿ ರಫ್ತು ಪ್ರಾಧಿಕಾರವಾದ ಅಪೆಡಾದ ಹಾರ್ಟಿನೆಟ್ ಜಾಲತಾಣದಲ್ಲಿ ನೋಂದಣಿಯಾಗಬೇಕು. ಸೊನೆ ಇಳಿಸುವ ಚೌಕಟ್ಟು, ಬಿಸಿನೀರಿನ ತೊಟ್ಟಿ, ಪೂರ್ವಶೀತಲೀಕರಣದ ಕೋಣೆ, ಕಂಟೇನರಿಗೆ ಕರೆಂಟ್ ಕೊಡುವ ಸಂಪರ್ಕ, ಇಷ್ಟೂ ಇರುವ ಪ್ಯಾಕ್‌ಹೌಸ್ ಮಾವಿನ ಸೀಮೆಯ ನಡುವೆಯೇ ನಿಲ್ಲಬೇಕು. ಅದರ ಒಡೆತನ ರೈತ ಉತ್ಪಾದಕ ಸಂಸ್ಥೆಗಳ ಕೈಯಲ್ಲಿರಬೇಕು. ಮಾವು ಇರುವುದು ಎರಡು ತಿಂಗಳು. ಉಳಿದ ದಿನ ಅದೇ ಕೋಣೆಯಲ್ಲಿ ಕುಂದಗೋಳದ ಮೆಣಸಿನಕಾಯಿ ಇಡಬಹುದು, ಧಾರವಾಡದ ತರಕಾರಿ ತಣಿಸಬಹುದು. ಹಾಗಾದರೆ ಕರೆಂಟಿನ ಖರ್ಚು ವರ್ಷಪೂರ್ತಿ ಹಂಚಿಹೋಗುತ್ತದೆ.

ಹೂವು ಬಿಟ್ಟಾಗಲೇ ತೋಟ ಗುತ್ತಿಗೆಗೆ ಕೊಡುವ ರೈತನಿಗೆ ಹಣ್ಣು ದುಬೈಗೆ ಹೋದರೂ ಹುಬ್ಬಳ್ಳಿಗೆ ಹೋದರೂ ಸಿಗುವುದು ಅಷ್ಟೇ. ಕೊಯ್ದ ಹಣ್ಣನ್ನು ಹತ್ತು ದಿನ ತನ್ನ ಕೈಯಲ್ಲಿ ಇಟ್ಟುಕೊಳ್ಳಬಲ್ಲೆ ಎನ್ನುವ ಧೈರ್ಯ ಬಂದ ದಿನ ಅವನು ದರ ಕೇಳಬಲ್ಲ, ಪೆಟ್ಟಿಗೆಯ ಮೇಲೆ ಕಲಘಟಗಿ ಎಂದು ಬರೆಸಬಲ್ಲ. ಸರ್ಕಾರ ಈ ಸೀಮೆಯ ಮಾವಿಗೆಂದು ದುಡ್ಡು ಹಾಕುವುದಾದರೆ ಮೊದಲು ಆ ಹತ್ತು ದಿನಗಳ ಮೇಲೆ ಹಾಕಲಿ.