ಹೊಗೆ ಎಳೆಯುವ ಫ್ಯಾನಿಗೆ ಎಂಥ ಬ್ಲೇಡು?

ಕೊಪ್ಪಳದ ಗಿಣಿಗೇರಾ, ಹಿರೇಬಗನಾಳ ಸುತ್ತ ಸ್ಪಾಂಜ್ ಐರನ್, ಉಕ್ಕಿನ ಕಾರ್ಖಾನೆಗಳಿವೆ. ಗಂಗಾವತಿ, ಕಾರಟಗಿ ಕಡೆ ಹೊಟ್ಟು ಉರಿಸುವ ರೈಸ್ ಮಿಲ್ಲುಗಳು. ಹೊಲ, ಮನೆಗಳ ಮೇಲೆ ಕರಿ ದೂಳು ಕೂರಬಾರದೆಂದರೆ ಹೊಗೆಯನ್ನು ತೊಳೆದೇ ಹೊರಗೆ ಬಿಡಬೇಕು. ನೀರು ಸಿಂಪಡಿಸಿ ಹೊಗೆ ತೊಳೆಯುವ ಸಾಧನ ಸ್ಕ್ರಬ್ಬರ್. ಹೊಗೆ ಮಾತ್ರ ತಾನಾಗಿ ಅದರೊಳಗೆ ನುಗ್ಗುವುದಿಲ್ಲ, ಗಾಳಿಯನ್ನು ನಡುವಿನಿಂದ ಎಳೆದು ಅಂಚಿಗೆ ಎಸೆಯುವ ಸೆಂಟ್ರಿಫ್ಯೂಗಲ್ ಫ್ಯಾನು ಎಳೆಯಬೇಕು. ಸ್ಕ್ರಬ್ಬರ್ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಫ್ಯಾನನ್ನು ಕೇಳುವವರಿಲ್ಲ.

ತಿರುಗುವ ದಿಕ್ಕಿಗೆ ವಿರುದ್ಧವಾಗಿ ಹಿಂದಕ್ಕೆ ಬಾಗಿದ ಬ್ಲೇಡು ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ಕೆಲಸ ಮಾಡುತ್ತದೆ. ಗಾಳಿಯ ಪ್ರಮಾಣ ಏರಿದರೂ ಮೋಟಾರಿಗೆ ಮಿತಿಮೀರಿದ ಹೊರೆ ಬೀಳದು. ಅದರ ಶತ್ರು ದೂಳು. ಬ್ಲೇಡಿನ ಹಿಂಬದಿಗೆ ಒದ್ದೆ ದೂಳು ಮೆತ್ತಿಕೊಂಡು, ಒಂದು ಕಡೆ ಸ್ವಲ್ಪ ಉದುರಿದರೂ ಸಾಕು, ತೂಕ ಏರುಪೇರಾಗಿ ಫ್ಯಾನು ನಡುಗುತ್ತದೆ, ಬೇರಿಂಗು ಹಾಳಾಗುತ್ತದೆ. ವಿಮಾನದ ರೆಕ್ಕೆಯಾಕಾರದ ಟೊಳ್ಳು ಬ್ಲೇಡಿನ ದಕ್ಷತೆ ಇನ್ನೂ ಹೆಚ್ಚು. ಆದರೆ ತೆಳುತಗಡು ಸವೆದು ತೂತಾದರೆ ದೂಳು, ನೀರು ಒಳಗೆ ಸೇರುತ್ತವೆ. ಮುಂದಕ್ಕೆ ಬಾಗಿದ ಬ್ಲೇಡಿನ ಸಂದುಗಳಲ್ಲಿ ದೂಳು ಕಟ್ಟಿಕೊಳ್ಳುವುದರಿಂದ ಈ ಕೆಲಸಕ್ಕೆ ಅದು ಬೇಡವೇ ಬೇಡ. ನೇರ ಬ್ಲೇಡು ಕರೆಂಟು ಹೆಚ್ಚು ತಿನ್ನುತ್ತದೆ, ನಿಜ. ಆದರೂ ದೂಳಿಗೆ ಅದೇ ಗಟ್ಟಿ.

ಗಂಗಾವತಿಯ ಮಿಲ್ಲನ್ನೇ ತೆಗೆದುಕೊಳ್ಳಿ. ಹೊಟ್ಟು ಉರಿದರೆ ತೂಕದ ಸುಮಾರು ಐದನೇ ಒಂದು ಪಾಲು ಬೂದಿ ಉಳಿಯುತ್ತದೆ. ಆ ಬೂದಿಯ ಬಹುಪಾಲು ಸಿಲಿಕಾ, ಅಂದರೆ ಮರಳಿನಲ್ಲಿರುವ ವಸ್ತುವೇ. ಇಂಥ ಹೊಗೆ ನೇರವಾಗಿ ಫ್ಯಾನಿಗೇ ಬಂದರೆ ಬ್ಲೇಡು ಉಜ್ಜಿ ಸವೆಯುತ್ತದೆ. ಹಾಗಾಗಿ ಫ್ಯಾನು ಸ್ಕ್ರಬ್ಬರಿಗಿಂತ ಮೊದಲಿದ್ದರೆ, ಸವೆತ ತಡೆಯುವ ವೆಲ್ಡಿಂಗ್ ಪದರವಿರುವ ನೇರ ಬ್ಲೇಡೇ ಸರಿ. ಸ್ಕ್ರಬ್ಬರ್ ದಾಟಿದ ಮೇಲಿದ್ದರೆ ಹಿಂದಕ್ಕೆ ಬಾಗಿದ ಒಂಟಿತಗಡಿನ ಬ್ಲೇಡು ಹಾಕಬಹುದು. ಆದರೆ ನಡುವೆ ನೀರಹನಿ ತಡೆಯುವ ಸಾಧನ ಇರಲೇಬೇಕು.

ಬ್ಲೇಡಿನಷ್ಟೇ ಫ್ಯಾನಿನ ವೇಗವೂ ಮುಖ್ಯ. ವೇಗವನ್ನು 80%ಗೆ ಇಳಿಸಿದರೆ ವಿದ್ಯುತ್ ಬಳಕೆ ಸುಮಾರು ಅರ್ಧವಾಗುತ್ತದೆ, ಒತ್ತಡ ಮಾತ್ರ 64%ಗೆ ಕುಸಿಯುತ್ತದೆ. ಇಕ್ಕಟ್ಟಾದ ಕೊರಳಿನಲ್ಲಿ ಹೊಗೆ ವೇಗವಾಗಿ ಹಾಯುವ ವೆಂಚುರಿ ಸ್ಕ್ರಬ್ಬರಿನಲ್ಲಿ ನವಿರು ದೂಳನ್ನು ಹಿಡಿಯುವುದು ಆ ಒತ್ತಡವೇ. ಬಿಲ್ ಉಳಿಸಲು ಫ್ಯಾನಿನ ವೇಗ ತಗ್ಗಿಸಿದರೆ ಆ ದೂಳು ಊರಿನ ಮೇಲೆ ಬೀಳುತ್ತದೆ. ಉಳಿತಾಯ ಬೇಕಾದ ಮಾಲೀಕರು ಕೊಳ್ಳುವಾಗಲೇ ಸರಿಯಾದ ಬ್ಲೇಡು ಆರಿಸಲಿ. ತಪಾಸಣೆಗೆ ಬರುವವರು ಚಿಮಣಿಯ ಜೊತೆಗೆ ಫ್ಯಾನಿನ ವೇಗ, ಸ್ಕ್ರಬ್ಬರಿನ ಒತ್ತಡದ ಮೀಟರನ್ನೂ ನೋಡಲಿ.